ಒಳದಿಬ್ಬದ ಕಿವಿಕಲ್ಲು

ಮೀನಿಗೂ ಕಿವಿ ಇದೆ ಎಂದರೆ ಜನ ನಗುತ್ತಾರೆ. ಆ ಕಿವಿಯೊಳಗೊಂದು ಕಲ್ಲಿದೆ, ಮೀನಿನ ವಯಸ್ಸು, ಅದು ಬೆಳೆದ ನೀರು ಎಲ್ಲ ಆ ಕಲ್ಲಿನಲ್ಲೇ ಬರೆದಿದೆ ಎಂದರೆ ಹೇಳಿದವರನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ಪುಟ್ಟಿ ಹನ್ನೊಂದು ವರ್ಷದಿಂದ ಆ ನೋಟ ತಿಂದು ತಿಂದು ಗಟ್ಟಿಯಾಗಿದ್ದಳು. ವಯಸ್ಸು ಮೂವತ್ತಾರು, ಹೆಸರಿನ ಹಿಂದೆ ದೊಡ್ಡ ಪದವಿ, ಆದರೂ ಮನೆಯಲ್ಲೂ ಬಂದರಿನ ಕಟ್ಟೆಯ ಮೇಲೂ ಅವಳು ಪುಟ್ಟಿಯೇ. ದೋಣಿಯವರು ಮನಸ್ಸು ಬಂದಾಗ 'ಕಿವಿ ಡಾಕ್ಟ್ರು' ಎಂದೂ ಕರೆಯುತ್ತಿದ್ದರು. ಒಬ್ಬಾತನಂತೂ ಕಿವಿಗೆ ಹತ್ತಿ ಇಟ್ಟುಕೊಂಡು, ತನ್ನ ಸೋರುವ ಕಿವಿ ತೋರಿಸಲು ನೇರವಾಗಿ ಅವಳ ಕಚೇರಿಗೇ ಬಂದಿದ್ದ.

ಅವಳ ಕೋಣೆ ಮೀನುಗಾರಿಕೆ ಸಂಶೋಧನಾ ಕಚೇರಿಯ ಎರಡನೇ ಮಹಡಿಯಲ್ಲಿತ್ತು. ಕಿಟಕಿ ತೆಗೆದರೆ ಬಂದರು, ಮುಚ್ಚಿದರೆ ಮೀನಿನ ವಾಸನೆ. ಲಿಫ್ಟಿನಲ್ಲಿ ಅವಳಿದ್ದರೆ ಲೆಕ್ಕಪತ್ರ ವಿಭಾಗದವರು ಮೆಟ್ಟಿಲು ಹತ್ತಿ ಆರೋಗ್ಯ ಕಾಪಾಡಿಕೊಳ್ಳುತ್ತಿದ್ದರು. ಕೆಲಸವೇನೆಂದರೆ, ಮೀನಿನ ತಲೆ ಸೀಳಿ, ಮಿದುಳಿನ ಕೆಳಗಿನ ಎರಡು ಪುಟ್ಟ ಗೂಡುಗಳಿಂದ ಚಿಮುಟದಲ್ಲಿ ಕಲ್ಲು ಹೆಕ್ಕುವುದು. ಹುಣಸೆ ಬೀಜಕ್ಕಿಂತ ಚಿಕ್ಕದು, ಅಕ್ಕಿಕಾಳಿಗಿಂತ ದೊಡ್ಡದು. ತೆಳ್ಳಗೆ ಕೊಯ್ದು ಉಜ್ಜಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ವರ್ಷಕ್ಕೊಂದರಂತೆ ಉಂಗುರಗಳು ಕಾಣುತ್ತವೆ. ಅದಕ್ಕೂ ಮೊದಲು ಅಂಚು ನೋಡಬೇಕು. ಒಂದೊಂದು ನೀರಿನಲ್ಲಿ ಬೆಳೆದ ಮೀನಿನ ಕಲ್ಲಿಗೆ ಒಂದೊಂದು ಥರದ ಅಂಚು.

ಬಂದರಿನಾಚೆ ಸಮುದ್ರದಲ್ಲಿ ಎರಡು ಹವಳದ ದಿಬ್ಬಗಳಿದ್ದವು. ದೋಣಿಯಲ್ಲಿ ಮುಕ್ಕಾಲು ಗಂಟೆಯ ದಾರಿ ಒಳದಿಬ್ಬ. ಮೂರು ಗಂಟೆ ಮೈಕೈ ಕುಲುಕಿಸಿಕೊಂಡು ಹೋದರೆ ಸಿಗುವುದು ಹೊರದಿಬ್ಬ. ನಡುವೆ ಆಳವಾದ, ಸೆಳೆತದ ನೀರು. ಎರಡೂ ಕಡೆ ಕೆಂಪು ಬಂಡೆಮೀನು ಸಿಗುತ್ತಿತ್ತು, ಎರಡೂ ಕಡೆಯದಕ್ಕೂ ಅದೇ ದಪ್ಪ ತುಟಿ, ಅದೇ ಸಿಡುಕು ಮುಖ. ಹನ್ನೆರಡು ದೋಣಿಗಳ ಸಂಸಾರ ಈ ಸಿಡುಕು ಮುಖದಿಂದಲೇ ನಡೆಯುತ್ತಿತ್ತು. ಮೂರ್ನಾಲ್ಕು ವರ್ಷದಿಂದ ಮೀನು ಕಮ್ಮಿಯಾಗಿ, ಇಲಾಖೆ ಪುಟ್ಟಿಯ ಕಚೇರಿಗೆ ಒಂದೇ ಪ್ರಶ್ನೆ ಕಳಿಸಿತ್ತು: ಎರಡು ದಿಬ್ಬದ ಮೀನುಗಳೂ ಒಂದೇ ಕುಟುಂಬವೋ, ಬೇರೆ ಬೇರೆ ಕುಟುಂಬಗಳೋ? ಒಂದೇ ಆದರೆ ಎರಡೂ ದಿಬ್ಬಗಳಿಗೆ ನಾಲ್ಕು ವರ್ಷ ಬೀಗ. ಬೇರೆಯಾದರೆ ಸೊರಗಿದ ದಿಬ್ಬಕ್ಕೆ ಮಾತ್ರ. ತೀರ್ಮಾನದ ಸಭೆ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ. ಹನ್ನೆರಡು ದೋಣಿಗಳಲ್ಲಿ ಒಂದು ಪುಟ್ಟಿಯ ಅಪ್ಪನದು.

ಮಂಗಳವಾರ ಮಧ್ಯಾಹ್ನ ಅವಳು ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ದೋಣಿಗೆ ಇಪ್ಪತ್ತರಂತೆ ಇನ್ನೂರ ನಲವತ್ತು ತಲೆಗಳನ್ನು ಕಟ್ಟೆಯ ಮೇಲೆ ನಿಂತು ತಾನೇ ಕೇಳಿ ತಂದಿದ್ದಳು. ಪ್ರತಿ ಚೀಲಕ್ಕೂ ಚೀಟಿ: ಯಾವ ದೋಣಿ, ಯಾವ ದಿನ, ಯಾವ ದಿಬ್ಬ. ಕಲ್ಲುಗಳೇನೋ ಲಕ್ಷಣವಾಗಿ ಎರಡು ಗುಂಪಾಗಿದ್ದವು. ಒಂದು ಗುಂಪಿನದು ನುಣುಪು ಅಂಚು, ಇನ್ನೊಂದರದು ಹಲ್ಲುಹಲ್ಲಾದ ಅಂಚು. ಕುರುಡರೂ ಬೆರಳಿನಲ್ಲಿ ಮುಟ್ಟಿ ಹೇಳಬಹುದು. ಆದರೆ ಚೀಟಿ ನೋಡಿದರೆ ಎಲ್ಲ ಕಲಸುಮೇಲೋಗರ. ಒಳದಿಬ್ಬದ್ದು ಎಂದು ಬರೆದ ಚೀಲಗಳಲ್ಲಿ ಎರಡೂ ಥರ, ಹೊರದಿಬ್ಬದ್ದು ಎಂದು ಬರೆದ ಚೀಲಗಳಲ್ಲೂ ಎರಡೂ ಥರ.

ಕಚೇರಿಯ ಮುಖ್ಯಸ್ಥೆ ದೊಡ್ಡ ಮೇಡಂ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಪಟ್ಟಿ ನೋಡಿದರು. ನಿವೃತ್ತಿಗೆ ಎಂಟು ತಿಂಗಳಿದ್ದ ಅವರಿಗೆ ಯಾವ ಗಡಿಬಿಡಿಯೂ ಇರಲಿಲ್ಲ.

"ಎರಡು ಥರದವೂ ಎರಡೂ ಕಡೆ ಓಡಾಡ್ತಿವೆ ಅಂತ ಆಯ್ತಲ್ಲ. ಒಂದು ದಿಬ್ಬ ಮುಚ್ಚಿ ಇನ್ನೊಂದು ಬಿಟ್ರೆ ಏನು ಪ್ರಯೋಜನ? ಎರಡೂ ಮುಚ್ಚಿ ಅಂತ ಬರೀಬೇಕಾಗುತ್ತೆ."

"ಮೇಡಂ, ಆ ಸೆಳೆತ ದಾಟಿ ಈ ಮೀನು ಓಡಾಡೋದು ನಂಬೋ ಮಾತಾ? ಹುಟ್ಟಿದ ಬಂಡೆ ಬಿಟ್ಟು ಪಕ್ಕದ ಬಂಡೆಗೆ ಹೋಗೋಕೂ ಸೋಮಾರಿ ಅದು."

"ನನಗೂ ನಂಬಿಕೆ ಇಲ್ಲಮ್ಮಾ. ಆದ್ರೆ ಚೀಟಿ ಹಾಗೆ ಹೇಳುತ್ತೆ. ಚೀಟಿ ಬರೆದೋಳು ನೀನೇ."

ಇನ್ನೂ ಹೊಟ್ಟೆ ಉರಿಸಿದ್ದು ಉಂಗುರಗಳು. ಹಲ್ಲಂಚಿನ ಕಲ್ಲುಗಳಲ್ಲಿ ಹನ್ನೆರಡು, ಹದಿನೈದು ಉಂಗುರದ ಅಜ್ಜಿಯರಿದ್ದರು. ನುಣುಪಂಚಿನವುಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಉಂಗುರ ಇರುವ ಒಂದೇ ಒಂದು ಕಲ್ಲೂ ಇರಲಿಲ್ಲ. ಬಂಡೆಮೀನು ಮೊದಲ ಸಲ ಮೊಟ್ಟೆಯಿಡುವುದೇ ಐದನೇ ವರ್ಷಕ್ಕೆ. ಅಂದರೆ ಆ ಮೀನುಗಳು ತಾಯಿಯಾಗುವ ಮೊದಲೇ ಗಾಳಕ್ಕೆ ಬೀಳುತ್ತಿದ್ದವು. ಆ ಕುಟುಂಬ ಮುಗಿಯುತ್ತಾ ಬಂದಿತ್ತು, ಆದರೆ ಅದರ ಮನೆ ಯಾವ ದಿಬ್ಬ ಎಂದು ಹೇಳಲು ಅವಳಿಗೆ ಆಗುತ್ತಿರಲಿಲ್ಲ.

ಬುಧವಾರ ಊಟಕ್ಕೆಂದು ಮನೆಗೆ ಬಂದಾಗ ಅಮ್ಮ ಹಿತ್ತಲಲ್ಲಿ ಅಪ್ಪನ ಲಂಗರಿನ ಹಗ್ಗ ಉಜ್ಜುತ್ತಿದ್ದಳು. ಉಪ್ಪು ಕೂತರೆ ಹಗ್ಗ ಬೇಗ ಹಾಳಾಗುತ್ತದೆ ಎಂದು ಮದುವೆಯಾದಾಗಿನಿಂದ ಅವಳೇ ತೊಳೆಯುತ್ತಿದ್ದಳು. ಕಲ್ಲಿನ ಮೇಲೆ ಕಪ್ಪು ಕೆಸರು ಹರಿಯುತ್ತಿತ್ತು.

"ಈ ದರಿದ್ರದ ಒಳದಿಬ್ಬದ ಕೆಸರು ಎಷ್ಟು ಉಜ್ಜಿದ್ರೂ ಹೋಗಲ್ಲ ನೋಡು," ಎಂದಳು ಅಮ್ಮ.

"ಒಳದಿಬ್ಬದ್ದು ಅಂತ ಹೇಗೆ ಗೊತ್ತು?"

"ಇನ್ನೇನು? ಹೊರದಿಬ್ಬಕ್ಕೆ ಹೋದ್ರೆ ಬಿಳೀ ಚಿಪ್ಪಿನ ಪುಡಿ ಹತ್ತಿರುತ್ತೆ. ಒಂದು ಸಲ ಝಾಡಿಸಿದ್ರೆ ಸಾಕು. ಇದು ಒಳದಿಬ್ಬದ್ದು. ನಿಮ್ಮಪ್ಪ ಮಾತ್ರ ಬಾಗಿಲಲ್ಲಿ ನಿಂತು 'ಉಶ್ಶಪ್ಪಾ, ಹೊರದಿಬ್ಬ ಅಂದ್ರೆ ಸೊಂಟ ಮುರಿಯುತ್ತೆ' ಅಂತಾರೆ. ಮೂವತ್ತೆಂಟು ವರ್ಷದಿಂದ ಕೇಳ್ತಾ ಇದ್ದೀನಿ. ಪಾಪ ಅಂತ ಸೊಂಟಕ್ಕೆ ಎಣ್ಣೆನೂ ತಿಕ್ತೀನಿ."

ಹೋದ ತಿಂಗಳು ಅಪ್ಪ ಐದು ದಿನ, ದಿನಕ್ಕೆ ನಾಲ್ಕರಂತೆ ತಲೆ ಕೊಟ್ಟಿದ್ದ. ಆ ಐದು ದಿನ ಹಗ್ಗದಲ್ಲಿ ಏನಿತ್ತೆಂದು ಪುಟ್ಟಿ ಕೇಳಿದಳು. ಅಮ್ಮ ಬೆರಳು ಮಡಚಿ ನೆನಪಿಸಿಕೊಂಡಳು: ಮೂರು ದಿನ ಕಪ್ಪು, ಎರಡು ದಿನ ಬಿಳಿ. ಚೀಟಿಯಲ್ಲಿ ಅಪ್ಪ ಬರೆಸಿದ್ದು ನಾಲ್ಕು ದಿನ ಹೊರದಿಬ್ಬ, ಒಂದು ದಿನ ಒಳದಿಬ್ಬ. ಊಟ ಅರ್ಧಕ್ಕೇ ಬಿಟ್ಟು, ಕೈ ತೊಳೆದೂ ತೊಳೆಯದ ಹಾಗೆ ಮಾಡಿ, ಕಚೇರಿಗೆ ಓಡಿದಳು. ಅಪ್ಪನ ಇಪ್ಪತ್ತು ಕಲ್ಲುಗಳನ್ನು ಅಮ್ಮನ ಹಗ್ಗದ ಪ್ರಕಾರ ಬೇರೆ ಮಾಡಿದಳು. ಕಪ್ಪು ಕೆಸರಿನ ದಿನದವು ಹನ್ನೆರಡೂ ನುಣುಪು. ಬಿಳಿ ಪುಡಿಯ ದಿನದವು ಎಂಟೂ ಹಲ್ಲಂಚು. ಒಂದೂ ಆಚೀಚೆ ಇಲ್ಲ.

ಅವಳಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು, ಕೊನೆಗೆ ತನ್ನ ಮೇಲೇ ಅಸಹ್ಯ. ದೋಣಿಯವನ ಮಗಳಾಗಿ ಹುಟ್ಟಿ, ಕಟ್ಟೆಯ ಮೇಲೆ ನಾಲ್ಕು ಜನರ ಎದುರಿಗೆ, ಗಟ್ಟಿಯಾಗಿ "ಎಲ್ಲಿ ಹಿಡಿದದ್ದು?" ಎಂದು ಕೇಳಿದ್ದಳು! ಆ ಪ್ರಶ್ನೆಗೆ ಈ ಬಂದರಿನಲ್ಲಿ ಯಾವನಾದರೂ ನಿಜ ಹೇಳಿದ್ದುಂಟೇ? ಸಮುದ್ರದ ಮೇಲೆ ದೋಣಿ ಎದುರಾಗಿ "ಎಲ್ಲಿಗೆ?" ಎಂದರೆ, "ಹೀಗೇ, ಆ ಕಡೆ" ಎಂದು ಯಾವುದೋ ಒಂದು ಕಡೆಗೆ ಗದ್ದ ತಿರುಗಿಸುವುದು ಇಲ್ಲಿಯ ವಾಡಿಕೆ. ಎಲ್ಲರೂ ಒಂದೇ ಸಮ ಸುಳ್ಳು ಹೇಳಿದ್ದರೆ ಪಟ್ಟಿಯನ್ನು ತಲೆಕೆಳಗು ಮಾಡಿದ್ದರೆ ಸಾಕಾಗಿತ್ತು. ಹೇಗೂ ಯಾರೂ ನಂಬುವುದಿಲ್ಲವೆಂಬ ಧೈರ್ಯದಲ್ಲಿ ಅವರು ಆಗಾಗ ನಿಜವನ್ನೂ ಹೇಳಿ ಅವಳ ಹೊಟ್ಟೆಯ ಮೇಲೆ ಹೊಡೆದಿದ್ದರು.

ಅಪ್ಪ ಕಟ್ಟೆಯ ತುದಿಯಲ್ಲಿ ಕೂತು ಗಾಳದ ದಾರ ಸುತ್ತುತ್ತಿದ್ದ. ಮಗಳು ಬಂದ ರಭಸ ನೋಡಿಯೇ ದಾರದ ಕಡೆಗೆ ವಿಪರೀತ ಗಮನ ಕೊಟ್ಟ.

"ಅಪ್ಪಾ, ನನಗೂ ಸುಳ್ಳು ಹೇಳಿದ್ಯಲ್ಲ!"

"ಸುಳ್ಳು ಅಂತ ಯಾಕಂತೀಯ? ಪಕ್ಕದಲ್ಲಿ ನಿನ್ನ ಚಿಕ್ಕಪ್ಪ ನಿಂತಿದ್ದ. ಅವನೆದುರು ಜಾಗ ಹೇಳೋಕಾಗುತ್ತಾ?"

ಚಿಕ್ಕಪ್ಪ ಎಂದರೆ ಅಮ್ಮನ ತಂಗಿಯ ಗಂಡ, ಅಪ್ಪನ ಷಡ್ಡಕ. ಹಬ್ಬ-ಹರಿದಿನ, ಹೆರಿಗೆ, ಆಸ್ಪತ್ರೆ ಎಂದರೆ ಇಬ್ಬರೂ ಹೆಗಲಿಗೆ ಹೆಗಲು. ಮೀನು ಎಂದರೆ ಹಾವು ಮುಂಗುಸಿ.

"ಚೀಟಿಯಲ್ಲಿ ಗುಟ್ಟಾಗಿ ಬರೆದುಕೊಡಬಹುದಿತ್ತು."

"ಕಾಗದಕ್ಕೂ ಬಾಯಿದೆ ಮಗಳೇ."

ಅವಳು ಪಕ್ಕದಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಚೀಟಿ ಹೀಗೇ ಇದ್ದರೆ ಎರಡೂ ದಿಬ್ಬ ಮುಚ್ಚುತ್ತಾರೆ, ಹನ್ನೆರಡು ದೋಣಿಗಳೂ ನಾಲ್ಕು ವರ್ಷ ಕಟ್ಟೆಯ ಮೇಲೆ ಒಣಗುತ್ತವೆ. ನಿಜ ಹೇಳಿದರೆ ಹೊರದಿಬ್ಬ ಉಳಿಯುತ್ತದೆ.

"ಮತ್ತೆ ಒಳದಿಬ್ಬ?"

"ಅದನ್ನ ಮುಚ್ಚಲೇಬೇಕು ಅಪ್ಪಾ. ಅಲ್ಲಿ ನಾಲ್ಕು ವರ್ಷ ದಾಟಿದ ಮೀನು ಒಂದೂ ಉಳಿದಿಲ್ಲ. ಮೊಟ್ಟೆ ಇಡೋಕೆ ಒಂದು ತಾಯಿ ಇಲ್ಲ."

ಅಪ್ಪ ದಾರದ ಉಂಡೆ ಪಕ್ಕಕ್ಕಿಟ್ಟ.

"ನನ್ನಪ್ಪ ಅಲ್ಲಿ ನನ್ನ ಎದೆ ಮಟ್ಟದ ಮೀನು ಎತ್ತಿದ್ದ. ನನಗಾಗ ಹನ್ನೆರಡು ವರ್ಷ. ದಡದಲ್ಲಿ ಎರಡು ಗುರುತು ತೋರಿಸಿ, ಇವು ಹೀಗೆ ಬಂದಾಗ ಲಂಗರು ಬಿಡು, ಇದನ್ನ ಯಾರಿಗೂ ಹೇಳ್ಬೇಡ ಅಂದ. ನಿಮ್ಮಮ್ಮನಿಗೂ ಹೇಳಿಲ್ಲ. ಕೊನೆಗೆ ನಿನಗೆ ಕೊಡೋಣ ಅಂತ ಇಟ್ಟಿದ್ದೆ. ನನ್ನ ಹತ್ರ ಕೊಡೋಕೆ ಇನ್ನೇನಿದೆ?"

ಆದರೂ ಪುಟ್ಟಿ ಬಿಡಲಿಲ್ಲ. "ಮೀನೇ ಇಲ್ಲದ ಜಾಗ ನಾನು ತಗೊಂಡು ಏನ್ಮಾಡ್ಲಿ?"

"ನಿನ್ನೊಬ್ಬಳಿಗೆ ಹೇಳಿದ್ರೆ ಸಾಕಾಗಲ್ವಾ?"

"ಸಾಕಾಗಲ್ಲ. ಹನ್ನೆರಡು ದೋಣಿಯವರೂ ಹೇಳ್ಬೇಕು. ಯಾರಾದ್ರೂ ಒಬ್ರು ಮೊದಲು ಬಾಯಿ ಬಿಡದೆ ಉಳಿದವರು ಜಪ್ಪಯ್ಯ ಅಂದ್ರೂ ಬಿಡಲ್ಲ."

ಅಪ್ಪ ದಾರದ ಉಂಡೆ ಎತ್ತಿಕೊಂಡು ಮನೆಗೆ ನಡೆದ. ಅಂದು ಸೊಂಟಕ್ಕೆ ಎಣ್ಣೆ ಬೇಡವೆಂದನಂತೆ. ರಾತ್ರಿ ಇನ್ನೂ ಕಚೇರಿಯಲ್ಲೇ ಇದ್ದ ಪುಟ್ಟಿಗೆ ಅಮ್ಮ ಫೋನ್ ಮಾಡಿ ಅದರ ವರದಿ ಒಪ್ಪಿಸಿದಳು.

ಶುಕ್ರವಾರ ಸಭಾಂಗಣ ತುಂಬಿತ್ತು. ಇಲಾಖೆಯ ಅಧಿಕಾರಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮಧ್ಯದ ಕುರ್ಚಿ ಹಿಡಿದಿದ್ದರು, ಪಕ್ಕದಲ್ಲಿ ದೊಡ್ಡ ಮೇಡಂ. ದೋಣಿಯವರು ಹಿಂದಿನ ಸಾಲುಗಳಲ್ಲಿ, ಎಣ್ಣೆ ಹಾಕಿ ಬಾಚಿದ ತಲೆ, ಗಂಟು ಹಾಕಿದ ಮುಖ. ಪುಟ್ಟಿ ಗೋಡೆಯ ಪರದೆಯ ಮೇಲೆ ಎರಡು ಕಲ್ಲುಗಳನ್ನು ಬೆಂಚಿನಷ್ಟು ದೊಡ್ಡದಾಗಿ ತೋರಿಸಿದಳು. ಇದು ನುಣುಪು, ಇದು ಹಲ್ಲು. ಇದರ ಉಂಗುರ ನಾಲ್ಕು, ಅದರದು ಹದಿನೈದು. ನಂತರ ಯಾವ ಮುಲಾಜೂ ಇಲ್ಲದೆ ಹೇಳಿದಳು:

"ನೀವೆಲ್ಲ ನನಗೆ ಹೇಳಿದ ಜಾಗ ಸುಳ್ಳು. ತಪ್ಪು ನನ್ನದೇ, ಕಟ್ಟೆ ಮೇಲೆ ನಿಂತು ಕೇಳಬಾರದಿತ್ತು. ಈಗ ನಿಜ ಹೇಳಿದ್ರೆ ಒಂದು ದಿಬ್ಬ ಉಳಿಯುತ್ತೆ."

ಚಾವಣಿಯ ಫ್ಯಾನು ಮಾತ್ರ ಕಿರ್ರೆನ್ನುತ್ತಿತ್ತು. ಸೋರುವ ಕಿವಿಯಾತ ತನಗೆ ಕೇಳಿಸಲೇ ಇಲ್ಲವೆಂಬಂತೆ ಕಿಟಕಿ ನೋಡಿದ. ಅಧಿಕಾರಿ ಗಡಿಯಾರ ನೋಡಿಕೊಂಡು ಪೆನ್ನಿನ ಮುಚ್ಚಳ ತೆಗೆದರು.

ಆಗ ಎರಡನೇ ಸಾಲಿನಲ್ಲಿ ಕುರ್ಚಿಯೊಂದು ಸದ್ದು ಮಾಡಿತು. ಅಪ್ಪ ಎದ್ದು ನಿಂತಿದ್ದ. ಮದುವೆ ಮನೆಯಲ್ಲಿ ಭಾಷಣ ಮಾಡು ಎಂದರೂ ಬೆವರುವ ಮನುಷ್ಯ, ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ನಾನು ಹಿಡಿಯೋದು ಒಳದಿಬ್ಬದಲ್ಲಿ," ಎಂದ. "ವಾರಕ್ಕೊಂದೆರಡು ದಿನ ಹೊರಗೆ, ಬಾಕಿ ದಿನ ಒಳಗೆ. ಬರೀ ಒಳದಿಬ್ಬ ಅಂದ್ರೆ ನೀವು ನಂಬಲ್ಲ, ಸುಳ್ಳು ಹೇಳಿ ಹೇಳಿ ಹಾಗಾಗಿದೆ. ಅದಕ್ಕೇ ಜಾಗಾನೇ ಹೇಳ್ತೀನಿ, ಬರ್ಕೊಳ್ಳಿ. ಬಂದರಿಗೆ ಮುಖ ಮಾಡಿ ನಿಂತ್ರೆ ನೀರಿನ ಟ್ಯಾಂಕಿನ ಹಿಂದಕ್ಕೆ ಗಡಿಯಾರದ ಗೋಪುರ ಬಂದು ಸರಿಯಾಗಿ ಮರೆಯಾಗ್ಬೇಕು. ಆಮೇಲೆ ಎಡಕ್ಕೆ ತಿರುಗಿದ್ರೆ..."

ಅಲ್ಲಿಗೆ ಅವನ ಧ್ವನಿ ನಿಂತಿತು. ನಲವತ್ತೈದು ವರ್ಷ ಬಾಯಿಗೆ ಹಾಕಿಕೊಂಡಿದ್ದ ಬೀಗ, ಒಂದೇ ಸಲಕ್ಕೆ ಪೂರ್ತಿ ತೆರೆಯಲಿಲ್ಲ.

"...ಇಟ್ಟಿಗೆ ಕಾರ್ಖಾನೆ ಚಿಮಣಿ ಎರಡು ಗುಡ್ಡದ ಸಂದಿಗೆ ಬರ್ಬೇಕು," ಎಂದಿತು ಹಿಂದಿನ ಸಾಲಿನ ಒಂದು ದನಿ.

ಅಪ್ಪ ಗರಕ್ಕನೆ ತಿರುಗಿದ. ಚಿಕ್ಕಪ್ಪ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದ. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿ ತಪ್ಪಿ ಬಂದದ್ದು.

"ಏನಯ್ಯಾ! ನಿನಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು ಭಾವ? ನಾನೇ ಕಂಡುಹಿಡಿದೆ, ಇಪ್ಪತ್ತು ವರ್ಷ ಆಯ್ತು. ಅದು ನನ್ನ ಜಾಗ!"

"ನಿಮ್ಮ ಜಾಗ ಹೇಗಾಗುತ್ತೆ?" ಎಂದು ಕಿವಿಗೆ ಹತ್ತಿ ಇಟ್ಟಿದ್ದಾತ ಹತ್ತಿ ಕಿತ್ತು ಎದ್ದ. "ಚಿಮಣಿ ಗುಡ್ಡದ ಸಂದಿಗೆ, ಕೆಳಗೆ ಬಂಡೆಯ ಪೊಟರೆ. ನಮ್ಮಜ್ಜನ ಕಾಲದಿಂದ ನಮ್ಮದು!"

ಆಮೇಲೆ ಯಾರು ಯಾರ ಮಾತನ್ನೂ ಕೇಳಲಿಲ್ಲ. ಹನ್ನೆರಡು ಜನವೂ ಎದ್ದು ನಿಂತು, ಅದೇ ಟ್ಯಾಂಕು, ಅದೇ ಗೋಪುರ, ಅದೇ ಚಿಮಣಿ ಎಂದು ಕೂಗಾಡಿದರು. ಪ್ರತಿಯೊಬ್ಬನೂ ಆ ಜಾಗ ತನಗೊಬ್ಬನಿಗೇ ಗೊತ್ತೆಂದು ನಂಬಿಕೊಂಡು ಬಂದಿದ್ದ. ದೂರದಲ್ಲಿ ಇನ್ನೊಂದು ದೋಣಿ ಕಂಡರೆ ಸಾಕು, ಸರಸರನೆ ಲಂಗರೆತ್ತಿ, ಎಲ್ಲಿಗೋ ಹೊರಟವನಂತೆ ಎದುರು ಹೋಗಿ, "ಹೀಗೇ, ಆ ಕಡೆ" ಎಂದು ಗದ್ದ ತಿರುಗಿಸುತ್ತಿದ್ದ. ಎದುರಿನವನೂ "ನಾನೂ ಹೀಗೇ, ಆ ಕಡೆ" ಎನ್ನುತ್ತಿದ್ದ. ಮೊದಲು ನಕ್ಕವನು ಅಪ್ಪ. ಅದು ಒಬ್ಬರಿಂದೊಬ್ಬರಿಗೆ ಹತ್ತಿಕೊಂಡು ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಧಿಕಾರಿ ಮಾತ್ರ ಏನಾಯಿತೆಂದು ತಿಳಿಯದೆ ದೊಡ್ಡ ಮೇಡಂ ಮುಖ ನೋಡಿದರು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

ನಗು ತಣ್ಣಗಾದ ಮೇಲೆ ಮೇಡಂ ಖಡಕ್ಕಾದರು. ಕಲ್ಲುಗಳ ಪಟ್ಟಿಯನ್ನು ತಾವೊಬ್ಬರೇ ಹಿಡಿದುಕೊಂಡು, ಯಾರಿಗೂ ಕಾಣದಂತೆ ಮೊಣಕೈಯಿಂದ ಮುಚ್ಚಿ ಕೂತರು. ಪುಟ್ಟಿ ದೋಣಿ ಮತ್ತು ತಾರೀಖು ಓದಬೇಕು, ದೋಣಿಯವನು ಅಂದು ಎಲ್ಲಿದ್ದೆ ಎಂದು ಹೇಳಬೇಕು, ಮೇಡಂ ಗುರುತು ಹಾಕಬೇಕು. ಹೆಂಡತಿ ಹುಟ್ಟಿದ ದಿನ ಮರೆಯುವ ಗಂಡಸರು ಹಿಂದಿನ ತಿಂಗಳ ಒಂದೊಂದು ದಿನದ ಗಾಳಿ, ಸೆಳೆತ, ಮೀನಿನ ಲೆಕ್ಕವನ್ನೂ ಪಟಪಟನೆ ಹೇಳಿದರು. ಮಧ್ಯಾಹ್ನ ಎರಡಾಯಿತು. ಮೇಡಂ ಮೊಣಕೈ ಎತ್ತಿದರು.

"ಇನ್ನೂರ ನಲವತ್ತರಲ್ಲಿ ಇನ್ನೂರ ಮೂವತ್ತಾರು ಸರಿ ಹೊಂದಿದೆ. ನುಣುಪೆಲ್ಲ ಒಳದಿಬ್ಬ, ಹಲ್ಲೆಲ್ಲ ಹೊರದಿಬ್ಬ. ಎರಡು ಕುಟುಂಬ. ಬಾಕಿ ನಾಲ್ಕು ಪುಟ್ಟಿ ಚಿಕ್ಕಪ್ಪನವರ ದೋಣಿದು."

"ಆ ದಿನ ನಿಜವಾಗ್ಲೂ ನೆನಪಿಲ್ಲ ಮೇಡಂ," ಎಂದ ಚಿಕ್ಕಪ್ಪ. ಹನ್ನೊಂದು ಜನ ಒಟ್ಟಿಗೆ ಕೆಮ್ಮಿದರು. "ಸರಿ, ಸರಿ! ಒಳದಿಬ್ಬವೇ!"

ಅಧಿಕಾರಿ ಬರೆದರು: ಹೊರದಿಬ್ಬ ಮಿತಿಯೊಳಗೆ ತೆರೆದಿರುತ್ತದೆ. ಒಳದಿಬ್ಬ ಸೋಮವಾರದಿಂದ ಮುಚ್ಚುತ್ತದೆ, ಅಲ್ಲಿಯ ಮೀನಿನ ಕಲ್ಲಿನಲ್ಲಿ ಈಗಿನ ನಾಲ್ಕಕ್ಕೆ ಇನ್ನು ನಾಲ್ಕು ಸೇರಿ ಎಂಟು ಉಂಗುರ ಕಾಣುವವರೆಗೆ. ಆ ಉಂಗುರ ಎಣಿಸುವ ಕೆಲಸ ಪುಟ್ಟಿಯದು. ದೋಣಿಯವರು ಒಬ್ಬೊಬ್ಬರಾಗಿ ಸಹಿ ಹಾಕಿದರು. ಅಪ್ಪ ಎಲ್ಲರಿಗಿಂತ ಕೊನೆಯಲ್ಲಿ ಹಾಕಿ, ಪೆನ್ನನ್ನು ಅಧಿಕಾರಿಗೆ ಕೊಡುವುದು ಮರೆತು ಜೇಬಿಗಿಟ್ಟುಕೊಂಡು ಹೊರಟ.

ಭಾನುವಾರ ಬೆಳಿಗ್ಗೆ ಅಪ್ಪ ಮಗಳನ್ನು ದೋಣಿಗೆ ಹತ್ತು ಎಂದ. ಗಾಳವಿಲ್ಲ, ದಾರವಿಲ್ಲ, ಐಸಿನ ಪೆಟ್ಟಿಗೆಯೂ ಇಲ್ಲ. ಅಮ್ಮನೂ ಹತ್ತಿದಳು. ಇಷ್ಟು ವರ್ಷ ಕೆಸರು ತೊಳೆದ ಜಾಗವನ್ನು ಒಮ್ಮೆ ನೋಡದಿದ್ದರೆ ಹೇಗೆ ಎಂಬುದು ಅವಳ ವಾದ.

"ನಿನ್ನ ತಂಗಿಗೆ ನೀನೇನಾದ್ರೂ ಹೇಳಿದ್ಯಾ?" ಎಂದು ಅಪ್ಪ ದಾರಿಯಲ್ಲಿ ಕೇಳಿದ. ಷಡ್ಡಕನ ಮೇಲಿನ ಅನುಮಾನ ಇನ್ನೂ ಹೋಗಿರಲಿಲ್ಲ.

"ನೀವು ನನಗೆ ಹೇಳಿದ್ರೆ ತಾನೇ ನಾನು ಅವಳಿಗೆ ಹೇಳೋದು?" ಎಂದಳು ಅಮ್ಮ. ಅಲ್ಲಿಗೆ ಆ ಮಾತು ಮುಗಿಯಿತು.

ಮುಕ್ಕಾಲು ಗಂಟೆಯ ನಂತರ ಅಪ್ಪ ಎಂಜಿನ್ ನಿಧಾನ ಮಾಡಿದ. ಪುಟ್ಟಿಯ ಹೆಗಲು ಹಿಡಿದು ಬಂದರಿನ ಕಡೆ ತಿರುಗಿಸಿದ. ಗಡಿಯಾರದ ಗೋಪುರ ನೀರಿನ ಟ್ಯಾಂಕಿನ ಹಿಂದೆ ಮೆಲ್ಲಗೆ ಸರಿದು ಮರೆಯಾಯಿತು. ಆಮೇಲೆ ಎಡಕ್ಕೆ ತಿರುಗಿಸಿದ. ಚಿಮಣಿ ಎರಡು ಗುಡ್ಡಗಳ ನಡುವೆ ಬಂದು ನಿಂತಿತು. ಹನ್ನೊಂದು ವರ್ಷದಿಂದ ಚಿಮುಟದ ತುದಿಯಲ್ಲಿ ಹಿಡಿದು ನೋಡಿದ್ದ ಕಲ್ಲುಗಳು ಬೆಳೆದ ನೀರು ಇದೇ. ಪುಟ್ಟಿಗೆ ಅಳು ಬಂತು, ಅದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

"ಸರಿಯಾಗಿ ನೋಡ್ಕೋ," ಎಂದ ಅಪ್ಪ. "ಉಂಗುರ ಎಣಿಸೋಕೆ ಬರಬೇಕಲ್ಲ, ದಾರಿ ಗೊತ್ತಿರಲಿ. ಕೊಡ್ತೀನಿ ಅಂದಿದ್ನಲ್ಲ, ಕೊಟ್ಟೆ."

ಲಂಗರು ಬಿಡಲಿಲ್ಲ. ಹೊರಳಿ ನೋಡಿದರೆ ಬಂದರಿನ ಕಡೆಯಿಂದ ಒಂದು ದೋಣಿ ಬರುತ್ತಿತ್ತು, ಅದರ ಹಿಂದೆ ಇನ್ನೊಂದು, ಅದರಾಚೆ ಮತ್ತೆ ಎರಡು. ಬೀಗ ಬೀಳುವ ಮೊದಲು ಒಮ್ಮೆ ಮುಖ ನೋಡಿ ಹೋಗೋಣವೆಂದು ಎಲ್ಲರಿಗೂ ಒಂದೇ ಯೋಚನೆ ಬಂದಿತ್ತು. ಒಬ್ಬರ ದೋಣಿಯಲ್ಲೂ ಗಾಳ ಕಾಣಲಿಲ್ಲ. ಅಪ್ಪನ ಕೈ ಅಭ್ಯಾಸಬಲದಿಂದ ಎಂಜಿನ್ನಿನ ಕಡೆಗೆ ಹೋಯಿತು, ಅರ್ಧಕ್ಕೆ ನಿಂತು ವಾಪಸು ಬಂತು.

ಮುಂದಿನ ದೋಣಿಯಿಂದ ಚಿಕ್ಕಪ್ಪ ಎರಡೂ ಕೈಯನ್ನು ಬಾಯಿಗೆ ಒಡ್ಡಿ ಕೂಗಿದ.

"ಭಾವಾ, ಎಲ್ಲಿಗೆ ಹೊರಟ್ರಿ?"

ಅಪ್ಪ ದೋಣಿಯಲ್ಲಿ ಎದ್ದು ನಿಂತ. ಗದ್ದ ಯಾವ ಕಡೆಗೂ ತಿರುಗಲಿಲ್ಲ.

"ಇಲ್ಲಿಗೇ ಕಣಯ್ಯಾ," ಎಂದು ಕೂಗಿದ. "ಇಲ್ಲಿಗೇ!"